ನೀರಿನ ರಭಸಕ್ಕೆ ಬಟ್ಟಲು ಹಿಡಿದ ಬಡಗಿ

ಮೆಕ್ಯಾನಿಕಲ್ ಅಥವಾ ಸಿವಿಲ್ ಓದಿದವರಿಗೆಲ್ಲ ಪೆಲ್ಟನ್ ಗೊತ್ತು. ಲ್ಯಾಬ್‌ನ ಒಂದು ಮೂಲೆಯಲ್ಲಿ ನಿಂತಿರೋ ಪಂಪು, ಪಕ್ಕದಲ್ಲಿ ಗಾಜಿನ ಕಿಟಕಿ ಇರೋ ಡಬ್ಬ, ಅದರೊಳಗೆ ಬಟ್ಟಲು ಜೋಡಿಸಿದ ಚಕ್ರ. ಬ್ರೇಕ್ ಡ್ರಮ್ಮಿಗೆ ಲೋಡ್ ಹಾಕೋದು, ಸ್ಪ್ರಿಂಗ್ ಬ್ಯಾಲೆನ್ಸ್ ನೋಡೋದು, ಟ್ಯಾಕೋಮೀಟರ್ ಹಿಡಿಯೋದು, ರೆಕಾರ್ಡ್‌ನಲ್ಲಿ ಎಫಿಷಿಯೆನ್ಸಿ ಕರ್ವ್ ಎಳೆಯೋದು. ವೈವಾದಲ್ಲಿ ಕೇಳೋ ಪ್ರಶ್ನೆಯೂ ಖಾಯಂ: ಬಟ್ಟಲು ನೀರನ್ನ ಯಾಕೆ ಪೂರ್ತಿ 180 ಡಿಗ್ರಿ ತಿರುಗಿಸಲ್ಲ? ಉತ್ತರ ಬಾಯಿಪಾಠ. ಆದರೆ ಪೆಲ್ಟನ್ ಅನ್ನೋದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಯಾವ ಕಾಲೇಜಿನಲ್ಲೂ ಎಂಜಿನಿಯರಿಂಗ್ ಓದದ ಬಡಗಿ, ಅವನು ಬದುಕಿದ್ದು ನೀರಿನ ಜೆಟ್ಟು ಬೆಟ್ಟಗಳನ್ನೇ ಕರಗಿಸುತ್ತಿದ್ದ ಊರಲ್ಲಿ ಅನ್ನೋದು ನಮ್ಮ ಪುಸ್ತಕಗಳಲ್ಲಿ ಬರೋದಿಲ್ಲ. ಆ ಕತೆ ಗೊತ್ತಾದರೆ ಬಟ್ಟಲಿಗೆ ಆ ಆಕಾರ ಯಾಕೆ ಬಂತು ಅನ್ನೋದೂ ಸರಿಯಾಗಿ ಅರ್ಥ ಆಗುತ್ತೆ.

ಚಿನ್ನಕ್ಕೆ ಹೊರಟವನು

ಲೆಸ್ಟರ್ ಅಲನ್ ಪೆಲ್ಟನ್ ಹುಟ್ಟಿದ್ದು 1829ರ ಸೆಪ್ಟೆಂಬರ್ 5ರಂದು, ಅಮೆರಿಕದ ಒಹಾಯೊ ರಾಜ್ಯದ ವರ್ಮಿಲಿಯನ್ ಅನ್ನೋ ಕಡೆ. ಅವನಿಗೆ ಹದಿನೆಂಟು ತುಂಬಿ ಇನ್ನೂ ಕೆಲವು ತಿಂಗಳಾಗಿತ್ತು ಅಷ್ಟೆ, ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಆ ಸುದ್ದಿ ಹರಡಿದ ಮೇಲೆ ಊರೂರಿನ ಹುಡುಗರೆಲ್ಲ ಗಂಟುಮೂಟೆ ಕಟ್ಟಿದರು. ಪೆಲ್ಟನ್ ಕೂಡ 1850ರಲ್ಲಿ, ಇಪ್ಪತ್ತರ ಹರೆಯದಲ್ಲಿ, ನೆಲದ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟ. ಆಗ ರೈಲು ಇರಲಿಲ್ಲ. ಬಯಲು, ಮರುಭೂಮಿ, ಬೆಟ್ಟಸಾಲು ಎಲ್ಲವನ್ನೂ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ದಾಟಬೇಕಿತ್ತು.

ಹೋದವರಲ್ಲಿ ಬಹುಪಾಲು ಜನರಿಗೆ ಆದದ್ದೇ ಅವನಿಗೂ ಆಯ್ತು. ಚಿನ್ನ ಕೈಗೆ ಹತ್ತಲಿಲ್ಲ. ಹೊಟ್ಟೆಪಾಡಿಗೆ ಕೆಲಕಾಲ ಸ್ಯಾಕ್ರಮೆಂಟೊ ನದಿಯಲ್ಲಿ ಮೀನು ಹಿಡಿದ. ಕೊನೆಗೆ ಕೈ ಹಿಡಿದದ್ದು ಬಡಗಿ ಕೆಲಸ. 1864ರ ಹೊತ್ತಿಗೆ ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಿನ ಕ್ಯಾಂಪ್ಟನ್‌ವಿಲ್ ಅನ್ನೋ ಪುಟ್ಟ ಗಣಿ ಊರಿಗೆ ಬಂದು ನೆಲೆಸಿದ. ಮರದ ಕೆಲಸ, ಗಣಿಗಳಿಗೆ ನೀರಿನ ಚಕ್ರ ಕೂರಿಸೋದು, ಅದಿರು ಕುಟ್ಟೋ ಯಂತ್ರಗಳನ್ನ ಜೋಡಿಸೋದು, ಕೆಟ್ಟರೆ ರಿಪೇರಿ. ಮದುವೆ ಆಗಲಿಲ್ಲ, ಒಂದು ಮನೆಯಲ್ಲಿ ಬಾಡಿಗೆಗಿದ್ದ. ಹೀಗೇ ಹದಿನಾಲ್ಕು ವರ್ಷ ಕಳೀತು. ಐವತ್ತು ಹತ್ತಿರ ಬರುವವರೆಗೂ ಹೊರಗಿನವರು ಅವನ ಹೆಸರು ಕೇಳಿರಲಿಲ್ಲ.

ಬೆಟ್ಟ ತೊಳೆಯೋ ಪೈಪು

ಕ್ಯಾಂಪ್ಟನ್‌ವಿಲ್ ಸುತ್ತಮುತ್ತ ಆಗ ನಡೀತಿದ್ದದ್ದು ನೀರಿನ ಗಣಿಗಾರಿಕೆ. 1853ರಲ್ಲಿ ಅಲ್ಲೇ ಹತ್ತಿರದ ನೆವಾಡಾ ಸಿಟಿಯಲ್ಲಿ ಎಡ್ವರ್ಡ್ ಮ್ಯಾಟಿಸನ್ ಅನ್ನೋ ಗಣಿಗಾರ ಕ್ಯಾನ್ವಾಸ್ ಪೈಪಿನ ತುದಿಗೆ ಕಿರಿದಾಗುತ್ತ ಹೋಗೋ ನಾಝಲ್ ಸಿಕ್ಕಿಸಿ, ಮೇಲಿನಿಂದ ಬರೋ ನೀರನ್ನ ಗುಡ್ಡದ ಮೈಗೆ ಹೊಡೆಸಿದ. ಪಿಕಾಸಿ ಹಿಡಿದು ವಾರಗಟ್ಟಲೆ ಅಗೆಯಬೇಕಿದ್ದ ಮಣ್ಣು ಗಂಟೆಗಳಲ್ಲಿ ಕುಸಿದು ಬಿತ್ತು. ಕೆಸರನ್ನ ಮರದ ದೋಣಿಗಳಲ್ಲಿ ಹರಿಸಿದರೆ ಭಾರವಾದ ಚಿನ್ನ ತಳದಲ್ಲಿ ಉಳಿಯುತ್ತೆ, ಅದನ್ನ ಹಿಡಿಯೋಕೆ ಪಾದರಸ ಹಾಕಿದರೆ ಆಯ್ತು.

ಇಪ್ಪತ್ತು ವರ್ಷದಲ್ಲಿ ಕ್ಯಾನ್ವಾಸ್ ಹೋಗಿ ಕಬ್ಬಿಣದ ಪೈಪು ಬಂತು. ನಾಝಲ್ ದೊಡ್ಡದಾಗಿ ಫಿರಂಗಿಯಂಥ ರೂಪ ತಾಳಿತು. ಅದಕ್ಕೆ ಮಾನಿಟರ್ ಅಂತ ಹೆಸರು. ಬೆಟ್ಟದ ಮೇಲಿನ ಕೆರೆಗಳಿಂದ ಮೈಲಿಗಟ್ಟಲೆ ಕಾಲುವೆ ತೋಡಿ ನೀರು ತಂದರು.

ಆ ಜೆಟ್ಟಿನ ಬಲ ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. ನೀರಿನ ಹೆಡ್ 100 ಮೀಟರ್ ಇದೆ ಅಂದ್ಕೊಳ್ಳಿ. ನಷ್ಟ ಬಿಟ್ಟರೆ ನಾಝಲ್ ಬಾಯಲ್ಲಿ ವೇಗ ಸೆಕೆಂಡಿಗೆ ಸುಮಾರು 44 ಮೀಟರ್, ಅಂದ್ರೆ ಗಂಟೆಗೆ 160 ಕಿಲೋಮೀಟರ್ ಹತ್ತಿರ. ನಾಝಲ್ ವ್ಯಾಸ 15 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಹೆಚ್ಚುಕಮ್ಮಿ 780 ಕಿಲೋ ನೀರು ಹೊರಗೆ ಹಾರುತ್ತೆ. ಎದುರಿಗೆ ಅಡ್ಡ ನಿಂತ ಚಪ್ಪಟೆ ಗೋಡೆ ಮೇಲೆ ಬೀಳೋ ಬಲ ಮೂರೂವರೆ ಟನ್ ತೂಕಕ್ಕೆ ಸಮ. ಇದು ಒಂದೇ ಒಂದು ಹೊಡೆತ ಅಲ್ಲ, ಕವಾಟ ಮುಚ್ಚೋವರೆಗೂ ಬಿಡದೆ ಒತ್ತೋ ಬಲ. ಅಷ್ಟೇ ಬಲ ಹಿಂದಕ್ಕೂ ಇರುತ್ತೆ, ಹಾಗಾಗಿ ಮಾನಿಟರನ್ನ ಗಟ್ಟಿಯಾಗಿ ಬಿಗಿದು ಕೂರಿಸಬೇಕಿತ್ತು. ಜೆಟ್ಟಿನ ದಾರಿಗೆ ಮನುಷ್ಯ ಸಿಕ್ಕರೆ ಉಳಿಯೋ ಮಾತೇ ಇಲ್ಲ. ಬುಡ ಕೊರೆದ ಗುಡ್ಡ ಒಮ್ಮೆಲೇ ಕುಸಿದು ಕೆಳಗಿದ್ದವರ ಮೇಲೆ ಬೀಳೋ ಭಯ ಬೇರೆ.

ಈ ಜೆಟ್ಟಿನಲ್ಲಿರೋ ಪವರ್ ಲೆಕ್ಕ ಹಾಕಿದರೆ ಸುಮಾರು 770 ಕಿಲೋವ್ಯಾಟ್, ಸಾವಿರ ಕುದುರೆ ಬಲ. ಅದೆಲ್ಲ ಎಲ್ಲಿಗೆ ಹೋಗ್ತಿತ್ತು? ಗುಡ್ಡ ಒಡೆಯೋಕೆ, ಕಲ್ಲು ಉರುಳಿಸೋಕೆ, ಉಳಿದದ್ದು ಕೆಸರಾಗಿ ನದಿಗೆ. ಈ ಪ್ರಶ್ನೆಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಳಗಿನ ಊರಿನವರ ಪಾಡು

ಮೇಲೆ ಬೆಟ್ಟ ಕರಗಿದ್ದು ಕೆಳಗೆ ಎಲ್ಲೋ ಕೂರಲೇಬೇಕಲ್ಲ. ಕ್ಯಾಂಪ್ಟನ್‌ವಿಲ್ ಇರೋದು ಯೂಬಾ ಕೌಂಟಿಯಲ್ಲಿ. ಅದೇ ಕೌಂಟಿಯ ಮುಖ್ಯ ಊರು ಮೇರಿಸ್‌ವಿಲ್, ಬೆಟ್ಟ ಇಳಿದ ಮೇಲಿನ ಬಯಲಲ್ಲಿ, ಯೂಬಾ ನದಿಯ ದಡದಲ್ಲಿದೆ. ಗಣಿಗಳ ಜಲ್ಲಿ, ಮರಳು, ಹೂಳು ಎಲ್ಲ ಆ ನದಿಗೆ ಬಂದು ತುಂಬಿತು. ನದಿಯ ತಳ ಮೇಲೇರುತ್ತ ಬಂತು. ಊರಿನವರು ದಡಕ್ಕೆ ಏರಿ ಕಟ್ಟಿದರು, ತಳ ಇನ್ನೂ ಮೇಲೆ ಬಂತು, ಏರಿ ಇನ್ನೂ ಎತ್ತರಿಸಿದರು. 1875ರಲ್ಲಿ ಪ್ರವಾಹ ಊರೊಳಗೇ ನುಗ್ಗಿತು. ಹೊಲ, ತೋಟಗಳ ಮೇಲೆ ಕೆಸರು ಹರಡಿ ಬೇಸಾಯ ಹಾಳಾಯ್ತು. ಗಣಿಯಲ್ಲಿ ಬಳಸಿದ ಪಾದರಸದ ಅಂಶ ಆ ನದಿಗಳ ಹೂಳಿನಲ್ಲಿ ಇವತ್ತಿಗೂ ಸಿಗುತ್ತೆ.

ಸಿಯೆರಾ ಬೆಟ್ಟಗಳಿಂದ ಹೀಗೆ ತೊಳೆದು ಬಂದ ಮಣ್ಣು ನೂರು ಕೋಟಿ ಘನ ಗಜಕ್ಕೂ ಹೆಚ್ಚು ಅಂತ ಆಮೇಲೆ ಭೂವಿಜ್ಞಾನಿ ಗಿಲ್ಬರ್ಟ್ ಲೆಕ್ಕ ಹಾಕಿದ. ಮಲಕಾಫ್ ಅನ್ನೋ ಒಂದೇ ಗಣಿಯ ಗುಂಡಿ 2 ಕಿಲೋಮೀಟರ್ ಉದ್ದ, ಕೆಲವು ಕಡೆ 180 ಮೀಟರ್ ಆಳ ಇತ್ತು. ಈಗ ಅದು ಸರ್ಕಾರದ ಪಾರ್ಕು, ಜನ ನೋಡೋಕೆ ಹೋಗ್ತಾರೆ.

ಪೆಲ್ಟನ್ ಬದುಕಿದ್ದು ಈ ಎರಡರ ನಡುವೆ. ಬೆಳಗ್ಗೆ ಎದ್ದರೆ ಬೆಟ್ಟದ ಕಡೆಯಿಂದ ಜೆಟ್ಟುಗಳ ಸದ್ದು, ಕೆಳಗಡೆ ಹೂಳು ತುಂಬಿದ ಹೊಳೆ. ಅವನ ಅನ್ನವೂ ಅದೇ ಗಣಿಗಳಿಂದ ಬರ್ತಿತ್ತು.

ಚಪ್ಪಟೆ ಹಲಗೆಯ ಚಕ್ರ

ಎಲ್ಲ ಗಣಿಗಳೂ ಬೆಟ್ಟ ತೊಳೆಯೋವಲ್ಲ. ಗಟ್ಟಿ ಬಂಡೆಯೊಳಗಿನ ಚಿನ್ನ ತೆಗೆಯೋಕೆ ಆಳದ ಬಾವಿ ತೋಡಬೇಕು, ಅದಿರು ಮೇಲೆತ್ತಬೇಕು, ಕುಟ್ಟಿ ಪುಡಿ ಮಾಡಬೇಕು. ಇದಕ್ಕೆಲ್ಲ ಪವರ್ ಬೇಕು. ಆಗ ಇದ್ದದ್ದು ಉಗಿ ಯಂತ್ರ, ಅದಕ್ಕೆ ಸೌದೆ. ವರ್ಷಗಟ್ಟಲೆ ಕಡಿದು ಉರಿಸಿದ ಮೇಲೆ ಹತ್ತಿರದ ಕಾಡು ಬರಿದಾಗ್ತಾ ಬಂತು, ಸೌದೆ ದುಬಾರಿ ಆಯ್ತು.

ನೀರಿನ ಚಕ್ರ ಹಾಕೋಣ ಅಂದ್ರೆ ಹಳೆಯ ದೊಡ್ಡ ಮರದ ಚಕ್ರಗಳು ದೊಡ್ಡ ಹೊಳೆಗೆ ಸರಿ. ಬೆಟ್ಟದಲ್ಲಿ ಸಿಗೋದು ಸ್ವಲ್ಪ ನೀರು, ತುಂಬಾ ಎತ್ತರ. ಅದಕ್ಕೆ ಗಣಿಗಾರರು ಒಂದು ಉಪಾಯ ಮಾಡಿದ್ದರು: ಚಕ್ರದ ಅಂಚಿಗೆ ಚಪ್ಪಟೆ ಹಲಗೆ ಹೊಡೆದು, ಮಾನಿಟರಿನಂಥದೇ ನಾಝಲ್‌ನಿಂದ ನೀರು ಬಿಡೋದು. ಅದನ್ನ ಹರ್ಡಿ-ಗರ್ಡಿ ಚಕ್ರ ಅಂತ ಕರೀತಿದ್ದರು. ಚಕ್ರ ಜೋರಾಗೇ ತಿರುಗ್ತಿತ್ತು, ನೀರು ನಾಲ್ಕೂ ಕಡೆ ಚಿಮ್ಮುತ್ತಿತ್ತು. ಆ ಚಿಮ್ಮೋದರಲ್ಲೇ ಸಮಸ್ಯೆ ಇತ್ತು.

ಚಪ್ಪಟೆ ಹಲಗೆಗೆ ಹೊಡೆದ ನೀರು ಅಪ್ಪಳಿಸಿ ಪಕ್ಕಕ್ಕೆ ಹಾರಿಹೋಗುತ್ತೆ. ಹಲಗೆಯ ವೇಗ ಜೆಟ್ಟಿನ ಅರ್ಧ ಇದ್ದಾಗ ಸಿಗೋ ಪವರ್ ಅತಿ ಹೆಚ್ಚು. ಆ ಅತಿ ಹೆಚ್ಚು ಅಂದ್ರೂ ಜೆಟ್ಟಿನಲ್ಲಿದ್ದದ್ದರ ಅರ್ಧ ಮಾತ್ರ. ಇದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಇನ್ನೂ ಕಮ್ಮಿ. ಉಳಿದದ್ದನ್ನೆಲ್ಲ ನೀರು ಹೊತ್ತುಕೊಂಡೇ ಓಡಿಹೋಗ್ತಿತ್ತು.

ಸರಿದ ಚಕ್ರ

ಪೆಲ್ಟನ್‌ಗೆ ಹೊಳೆದದ್ದು ಹೇಗೆ ಅನ್ನೋದಕ್ಕೆ ಎರಡು ಕತೆ ಚಾಲ್ತಿಯಲ್ಲಿವೆ. ಒಂದರ ಪ್ರಕಾರ, ಒಂದು ಹಸುವನ್ನ ಓಡಿಸೋಕೆ ಯಾರೋ ಪೈಪಿನಿಂದ ನೀರು ಹೊಡೆದಾಗ ಅದು ಮೂತಿಯ ಮೇಲೆ ಬಿದ್ದು ಎರಡಾಗಿ ಸೀಳಿ ಮೂಗಿನ ಹೊಳ್ಳೆಗಳಿಂದ ತಿರುಗಿ ಬಂದದ್ದನ್ನ ಅವನು ನೋಡಿದ. ಕೇಳೋಕೆ ಚೆನ್ನಾಗಿದೆ. ಇನ್ನೊಂದು ಕತೆ ನಮ್ಮ ವರ್ಕ್‌ಶಾಪಿಗೆ ಹತ್ತಿರದ್ದು. ಬಟ್ಟಲು ಇದ್ದ ಒಂದು ಚಕ್ರದ ಕೀ ಸಡಿಲವಾಗಿ ಚಕ್ರ ಶಾಫ್ಟಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಜೆಟ್ಟು ಬಟ್ಟಲಿನ ನಡುವೆ ಬೀಳೋ ಬದಲು ಅಂಚಿಗೆ ಬೀಳ್ತಿತ್ತು. ಹಾಗಾದ ಮೇಲೆ ಚಕ್ರ ನಿಧಾನ ಆಗಬೇಕಿತ್ತು, ಆದರೆ ಮೊದಲಿಗಿಂತ ಜೋರಾಗಿ ತಿರುಗತೊಡಗಿತು. ನೋಡಿದರೆ, ನೀರು ಒಂದು ಅಂಚಿನಿಂದ ಒಳಗೆ ಬಂದು, ಬಟ್ಟಲಿನ ಬಾಗಿದ ಮೈಯನ್ನ ಸುತ್ತಿ, ಇನ್ನೊಂದು ಅಂಚಿನಿಂದ ಹಿಂದಕ್ಕೆ ಹೊರಡ್ತಿತ್ತು. ಮೊದಲಿನ ಹಾಗೆ ಬಂದ ನೀರಿಗೆ ತಾನೇ ಅಡ್ಡ ಬರ್ತಿರಲಿಲ್ಲ.

ಜೆಟ್ಟು ಒಂದೇ ಅಂಚಿಗೆ ಬಿದ್ದರೆ ಚಕ್ರವನ್ನ ಪಕ್ಕಕ್ಕೆ ತಳ್ಳುತ್ತೆ, ಬೇರಿಂಗ್ ಹಾಳಾಗುತ್ತೆ. ಪೆಲ್ಟನ್ ಎರಡು ಬಟ್ಟಲುಗಳನ್ನ ಬೆನ್ನಿಗೆ ಬೆನ್ನು ಅಲ್ಲ, ಅಕ್ಕಪಕ್ಕ ಅಂಟಿಸಿ ನಡುವೆ ಚೂಪಾದ ಏಣು ಬಿಟ್ಟ. ಜೆಟ್ಟು ಆ ಏಣಿನ ಮೇಲೆ ಬಿದ್ದು ಸಮವಾಗಿ ಸೀಳುತ್ತೆ. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಸುತ್ತಿ ಹಿಂದಕ್ಕೆ ಹೊರಳುತ್ತೆ. ಪಕ್ಕದ ಬಲಗಳು ಒಂದನ್ನೊಂದು ಕೊಂದುಹಾಕುತ್ತವೆ.

ಈಗ ಲೆಕ್ಕ ನೋಡಿ. ಜೆಟ್ಟಿನ ವೇಗ 44, ಬಟ್ಟಲಿನ ವೇಗ 22 ಅಂತಿಟ್ಟುಕೊಳ್ಳೋಣ. ಓಡುತ್ತಿರೋ ಬಟ್ಟಲಿನ ಮೇಲೆ ಕೂತು ನೋಡಿದರೆ ನೀರು 22ರ ವೇಗದಲ್ಲಿ ಒಳಗೆ ಬಂದು, 22ರ ವೇಗದಲ್ಲೇ ಹಿಂದಕ್ಕೆ ಹೊರಡುತ್ತೆ. ಬಟ್ಟಲು ಮುಂದಕ್ಕೆ 22, ನೀರು ಅದರಿಂದ ಹಿಂದಕ್ಕೆ 22. ನೆಲದ ಮೇಲೆ ನಿಂತವನಿಗೆ ನೀರಿನ ವೇಗ ಸೊನ್ನೆ! ಅಂದ್ರೆ ನೀರು ತನ್ನಲ್ಲಿದ್ದದ್ದನ್ನೆಲ್ಲ ಚಕ್ರಕ್ಕೆ ಕೊಟ್ಟು, ಸುಸ್ತಾಗಿ, ತೊಪ್ಪನೆ ಕೆಳಗೆ ಬೀಳುತ್ತೆ. ಪೂರ್ತಿ 180 ಡಿಗ್ರಿ ತಿರುಗಿಸಿದರೆ ಅದು ಹಿಂದಿನ ಬಟ್ಟಲಿನ ಬೆನ್ನಿಗೆ ಹೊಡೆಯುತ್ತೆ, ಅದಕ್ಕೇ ಸುಮಾರು 165 ಡಿಗ್ರಿ. ವೈವಾ ಪ್ರಶ್ನೆಯ ಉತ್ತರ ಇಷ್ಟೇ.

ಪೆಲ್ಟನ್ ಈ ವೆಕ್ಟರ್ ಬರೆದು ಕೂರಲಿಲ್ಲ. ಬೇರೆ ಬೇರೆ ಆಕಾರದ ಬಟ್ಟಲು ಮಾಡಿ, ಒಂದೊಂದನ್ನೇ ಪರೀಕ್ಷೆ ಮಾಡಿ, ತೂಕ ಹಾಕಿ ನೋಡಿದ. ಒಂದು ಪುಟ್ಟ ಚಕ್ರದಿಂದ ತಾನು ಬಾಡಿಗೆಗಿದ್ದ ಮನೆಯೊಡತಿಯ ಹೊಲಿಗೆ ಮಷೀನು ಓಡಿಸಿದ ಅಂತಲೂ ಹೇಳ್ತಾರೆ. ಬೆಟ್ಟ ಒಡೆಯೋ ಅದೇ ನೀರು ಬಟ್ಟೆಗೆ ಹೊಲಿಗೆ ಹಾಕಿತು.

1878ರಲ್ಲಿ ಅವನ ಚಕ್ರ ನೆವಾಡಾ ಸಿಟಿಯ ಮೇಫ್ಲವರ್ ಗಣಿಯಲ್ಲಿ ಕೆಲಸಕ್ಕೆ ನಿಂತಿತು. 1880ರ ಅಕ್ಟೋಬರ್ 26ರಂದು ಪೇಟೆಂಟ್ ಬಂತು. ಆದರೂ ಗಣಿ ಮಾಲೀಕರು ಸುಮ್ಮನೆ ನಂಬೋರಲ್ಲ. 1883ರಲ್ಲಿ ಗ್ರಾಸ್ ವ್ಯಾಲಿಯ ಐಡಹೊ ಗಣಿಯವರು ಪಂದ್ಯವೇ ಇಟ್ಟರು. ಬೇರೆ ಬೇರೆ ತಯಾರಕರ ಚಕ್ರಗಳು ಬಂದವು. ಪೆಲ್ಟನ್ ಚಕ್ರದ ಎಫಿಷಿಯೆನ್ಸಿ 90.2 ಶೇಕಡ. ಎರಡನೇ ಸ್ಥಾನದ ನೈಟ್ ಚಕ್ರದ್ದು 76.5. ಅಲ್ಲಿಗೆ ವಾದ ಮುಗೀತು.

ಜೆಟ್ಟಿಗೆ ಬಂದ ತೀರ್ಪು

ಮುಂದಿನ ವರ್ಷ, 1884ರ ಜನವರಿ 7ರಂದು, ಇನ್ನೊಂದು ತೀರ್ಪು ಬಂತು. ಮೇರಿಸ್‌ವಿಲ್‌ನಲ್ಲಿ ಆಸ್ತಿ ಇದ್ದ ವುಡ್ರಫ್ ಅನ್ನೋರು ಮಲಕಾಫ್ ಗಣಿಯ ಕಂಪನಿ ಮೇಲೆ ಕೇಸು ಹಾಕಿದ್ದರು. ನ್ಯಾಯಾಧೀಶ ಲೊರೆಂಜೊ ಸಾಯರ್, ಗಣಿ ಕಸವನ್ನ ನದಿಗೆ ಬಿಡಬಾರದು ಅಂತ ತಡೆ ಕೊಟ್ಟ. ಕಸ ಬಿಡದೆ ಬೆಟ್ಟ ತೊಳೆಯೋದು ಸಾಧ್ಯವೇ ಇಲ್ಲವಾದ್ದರಿಂದ ದೊಡ್ಡ ಮಾನಿಟರುಗಳು ಒಂದೊಂದಾಗಿ ನಿಂತವು. ಪರಿಸರದ ವಿಷಯದಲ್ಲಿ ಅಮೆರಿಕದಲ್ಲಿ ಬಂದ ಮೊದಮೊದಲ ದೊಡ್ಡ ತೀರ್ಪುಗಳಲ್ಲಿ ಇದೂ ಒಂದು.

ಮಾನಿಟರು ನಿಂತರೂ ಕಾಲುವೆಗಳು ಅಲ್ಲೇ ಇದ್ದವು, ಎತ್ತರವೂ ಇತ್ತು. ಬೆಟ್ಟ ಕರಗಿಸೋಕೆ ತೋಡಿದ ಕಾಲುವೆಗಳಲ್ಲಿ ಕೆಲವು ಮುಂದೆ ವಿದ್ಯುತ್ ಕೇಂದ್ರಗಳಿಗೆ ನೀರು ಕೊಟ್ಟವು. ಪೈಪಿನ ತುದಿಯಲ್ಲಿ ಗುಡ್ಡದ ಬದಲು ಚಕ್ರ ಬಂತು. ಗ್ರಾಸ್ ವ್ಯಾಲಿಯ ನಾರ್ತ್ ಸ್ಟಾರ್ ಗಣಿಯಲ್ಲಿ 1890ರ ದಶಕದಲ್ಲಿ ಕೂರಿಸಿದ 30 ಅಡಿ ವ್ಯಾಸದ ಪೆಲ್ಟನ್ ಚಕ್ರ ಈಗಲೂ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ.

1888ರಲ್ಲಿ ಪೆಲ್ಟನ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ. ಅಲ್ಲಿ ಪೆಲ್ಟನ್ ವಾಟರ್ ವ್ಹೀಲ್ ಕಂಪನಿ ಶುರುವಾಯ್ತು. 1895ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಎಲಿಯಟ್ ಕ್ರೆಸನ್ ಪದಕ ಕೊಟ್ಟಿತು. 1908ರ ಮಾರ್ಚ್ 14ರಂದು ಓಕ್‌ಲ್ಯಾಂಡ್‌ನಲ್ಲಿ ತೀರಿಕೊಂಡ. ಹುಟ್ಟಿದ ಊರಿನ ಮಣ್ಣಲ್ಲೇ ಸಮಾಧಿ. ಅವನ ಬಟ್ಟಲನ್ನ ಮುಂದಿನವರು ತಿದ್ದಿದರು. ಡೋಬಲ್ ಅನ್ನೋ ಎಂಜಿನಿಯರ್ ಬಟ್ಟಲಿನ ಹೊರ ಅಂಚಿನಲ್ಲಿ ಒಂದು ಕಚ್ಚು ಕತ್ತರಿಸಿ, ಮೈಯನ್ನ ಅಂಡಾಕಾರಕ್ಕೆ ತಂದ. ನಾವು ಲ್ಯಾಬ್‌ನಲ್ಲಿ ನೋಡೋದು ಆ ತಿದ್ದಿದ ಬಟ್ಟಲು. ನಡುವಿನ ಏಣು ಮಾತ್ರ ಪೆಲ್ಟನ್‌ನದೇ.

ನಮ್ಮ ಜೋಗದಲ್ಲಿ, ನಮ್ಮ ಬೀದಿಯಲ್ಲಿ

ಈ ಚಕ್ರ ನಮ್ಮಿಂದ ದೂರ ಏನಿಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದಲ್ಲಿ, 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ತಿರುಗೋದು ಪೆಲ್ಟನ್ ಚಕ್ರಗಳೇ. ಘಟ್ಟದ ಎತ್ತರ ಇರೋ ನಮಗೆ ಹೇಳಿ ಮಾಡಿಸಿದ ಯಂತ್ರ.

ಬಟ್ಟಲು ಬಂತು ಅಂತ ನೀರಿನ ಅಪಾಯ ಹೋಗಿಲ್ಲ. ವಿದ್ಯುತ್ ಲೈನು ಟ್ರಿಪ್ ಆಗಿ ಲೋಡ್ ಹಠಾತ್ ಹೋದರೆ ಚಕ್ರ ಹುಚ್ಚು ಹಿಡಿದ ಹಾಗೆ ವೇಗ ಏರಿಸುತ್ತೆ. ತಕ್ಷಣ ನೀರು ನಿಲ್ಲಿಸೋಣ ಅಂದ್ರೆ, ಉದ್ದದ ಪೆನ್‌ಸ್ಟಾಕ್‌ನಲ್ಲಿ ಓಡಿ ಬರ್ತಿರೋ ನೀರು ಏಕಾಏಕಿ ತಡೆದಾಗ ವಾಟರ್ ಹ್ಯಾಮರ್ ಆಗಿ ಪೈಪೇ ಸಿಡಿಯಬಹುದು. ಅದಕ್ಕೆ ಡಿಫ್ಲೆಕ್ಟರ್ ಅನ್ನೋ ಒಂದು ತಗಡಿನಂಥ ಅಡ್ಡ ಮೊದಲು ಜೆಟ್ಟನ್ನ ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತೆ. ಆಮೇಲೆ ಸೂಜಿ ಕವಾಟ ನಿಧಾನಕ್ಕೆ ಮುಚ್ಚುತ್ತೆ. ರಭಸದ ಎದುರು ನಿಲ್ಲಬೇಡ, ಅದಕ್ಕೆ ದಾರಿ ಕೊಡು. ಅಷ್ಟೇ ಇದರ ತತ್ವ.

ಇನ್ನು ನಮ್ಮ ಬೀದಿಗೆ ಬನ್ನಿ. ಬೈಕು, ಕಾರು ತೊಳೆಯೋ ವಾಟರ್ ಸರ್ವಿಸ್ ಅಂಗಡಿಯ ಗನ್ನು ಇದೇ ಮಾನಿಟರಿನ ಮರಿ. 100 ಬಾರ್ ಒತ್ತಡ, ನಿಮಿಷಕ್ಕೆ 7 ಲೀಟರ್ ನೀರು ಅಂದ್ಕೊಳ್ಳಿ. ಜೆಟ್ಟಿನ ವೇಗ ಸೆಕೆಂಡಿಗೆ 141 ಮೀಟರ್, ಗಂಟೆಗೆ 500 ಕಿಲೋಮೀಟರ್ ದಾಟುತ್ತೆ. ನಾಝಲ್ ತೂತು 1 ಮಿಲಿಮೀಟರ್ ಅಷ್ಟೆ. ಕೈಗೆ ಬರೋ ಹಿನ್ನೂಕು ಎರಡು ಕಿಲೋ ತೂಕದಷ್ಟೂ ಇಲ್ಲ. ಹಾಗಾಗಿ ಆಟಿಕೆ ಅನ್ನಿಸುತ್ತೆ. ಮಾನಿಟರು ಮನುಷ್ಯನನ್ನ ಎತ್ತಿ ಎಸೆಯುತ್ತೆ, ಇದು ಹಾಗಲ್ಲ, ಸೂಜಿಯ ಹಾಗೆ ಚರ್ಮದೊಳಗೆ ಹೊಕ್ಕುಬಿಡುತ್ತೆ. ಹೊರಗೆ ಕಾಣೋದು ಒಂದು ಚುಕ್ಕೆ, ನೋವೂ ಮೊದಲು ಕಮ್ಮಿ. ಒಳಗೆ ನೀರು, ಗ್ರೀಸು, ಕೊಳೆ ಬೆರಳಿನ ಉದ್ದಕ್ಕೂ ಹರಡಿರುತ್ತೆ. ಬ್ಯಾಂಡೇಜ್ ಸುತ್ತಿ ಕೆಲಸ ಮುಂದುವರಿಸಿದವರು ಬೆರಳನ್ನೇ ಕಳಕೊಳ್ಳಬಹುದು. ಹಾಗಾದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ನೀರು ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು. ಗನ್ನನ್ನ ಯಾರ ಕಡೆಗೂ, ತಮಾಷೆಗೂ, ಹಿಡಿಯಬಾರದು. ಪೈಪ್ ಲೀಕನ್ನ ಬೆರಳಿಂದ ಮುಟ್ಟಿ ನೋಡಬಾರದು. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ನಿಂತು ತೊಳೆಯಬಾರದು. ಮೋಟರ್ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಒತ್ತಡ ಇರುತ್ತೆ, ಟ್ರಿಗರ್ ಒತ್ತಿ ಅದನ್ನ ಖಾಲಿ ಮಾಡಿಯೇ ನಾಝಲ್ ಬಿಚ್ಚಬೇಕು.

ಮಲಕಾಫ್‌ನ ಗುಡ್ಡಕ್ಕೆ ಬಿದ್ದದ್ದು, ಮೇಫ್ಲವರ್ ಗಣಿಯ ಚಕ್ರ ತಿರುಗಿಸಿದ್ದು, ವಾಟರ್ ಸರ್ವಿಸ್ ಹುಡುಗನ ಕೈಯಲ್ಲಿರೋದು, ಮೂರೂ ಒಂದೇ ಜೆಟ್ಟು. ಒತ್ತಡದಿಂದ ವೇಗ ಹುಟ್ಟಿಸೋ ವಿದ್ಯೆ ಪೆಲ್ಟನ್‌ಗಿಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆ ವೇಗ ಕೊನೆಗೆ ಎಲ್ಲಿ ಇಳಿಯುತ್ತೆ ಅಂತ ಅವನು ನೋಡಿದ. ಮಾನಿಟರಿನವರು ಅದನ್ನ ನೋಡಲಿಲ್ಲ, ಅದು ಮೇರಿಸ್‌ವಿಲ್‌ನವರ ಮನೆ ಬಾಗಿಲಿಗೆ ಹೋಗಿ ಇಳೀತು. ಮುಂದಿನ ಸಲ ಲ್ಯಾಬ್‌ನಲ್ಲಿ ರೀಡಿಂಗ್ ತಗೊಳ್ಳುವಾಗ ಸ್ಪ್ರಿಂಗ್ ಬ್ಯಾಲೆನ್ಸ್ ಜೊತೆಗೆ ಚಕ್ರದ ಕೆಳಗೂ ಒಂದು ಸಲ ನೋಡಿ. ಅಲ್ಲಿ ಬೀಳ್ತಿರೋ ನೀರಿನಲ್ಲಿ ವೇಗ ಎಷ್ಟು ಕಮ್ಮಿ ಇದೆಯೋ, ಆ ಬಡಗಿಯ ಕೆಲಸ ಅಷ್ಟು ಚೆನ್ನಾಗಿ ನಡೀತಿದೆ ಅಂತ ಅರ್ಥ.